ನೀರಿನ ಹೊತ್ತು ನೋಡಿಕೊಂಡು ಮುಂಬೈ ಸುತ್ತಿದ್ದು

ಮುಂಬೈಗೆ ಹೋಗ್ತಿದ್ದೀವಿ ಅಂದಾಗ ಬೆಂಗಳೂರಿನ ಗೆಳತಿಯರು ಒಂದು ಪಟ್ಟಿ ಕೊಟ್ಟರು. ಮಾಲ್, ಫಿಲ್ಮ್ ಸಿಟಿ, ನಟರ ಬಂಗಲೆ, ಫ್ಯಾಷನ್ ಸ್ಟ್ರೀಟ್. ನಮಗೆ ಬೇಕಿದ್ದದ್ದು ಬಯಲು. ಐದನೇ ಕ್ಲಾಸಿನ ನನ್ನ ಮಗ ಮರ, ಮರಳು, ನೀರು ಕಂಡರೆ ಊಟ ಮರೆಯುವವನು. ದುಡ್ಡು ಕೊಟ್ಟು ಏಸಿಯಲ್ಲಿ ಕೂರುವುದಕ್ಕೆ ಅಷ್ಟು ದೂರ ಹೋಗುವುದು ನನಗೂ ಇಷ್ಟವಿರಲಿಲ್ಲ.

ಮಾತುಂಗಾದಲ್ಲಿರುವ ದೊಡ್ಡಪ್ಪನಿಗೆ ಫೋನ್ ಮಾಡಿದೆ. ಅವರು ಕುಂದಾಪುರದ ಕಡೆಯವರು. ಹುಡುಗನಾಗಿದ್ದಾಗಲೇ ಮುಂಬೈಗೆ ಬಂದು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಕಲಿತು, ಆಮೇಲೆ ಒಂದು ಕ್ಯಾಂಟೀನ್ ನಡೆಸಿ ಈಗ ಮನೆಯಲ್ಲಿದ್ದಾರೆ. ಫೆಬ್ರವರಿಯಲ್ಲಿ ಬರೋಣ ಅಂತಿದ್ದೇವೆ, ಯಾವ ವಾರ ಬರಲಿ ಅಂತ ಕೇಳಿದೆ.

"ಹುಣ್ಣಿಮೆ ಹತ್ತಿರ ಬಾ ಮಾರಾಯ್ತಿ. ನೀರು ಚೆನ್ನಾಗಿ ಇಳಿಯುತ್ತದೆ. ಹುಡುಗನಿಗೆ ತುಂಬ ತೋರಿಸಬಹುದು."

ಸಮುದ್ರದ ಪಕ್ಕ ಹುಟ್ಟಿದವಳಾದರೂ ನಾನು ಈ ಲೆಕ್ಕ ಹಾಕಿದವಳಲ್ಲ. ನಮ್ಮ ಮರವಂತೆ ಕಡೆ ಉಬ್ಬರಕ್ಕೂ ಇಳಿತಕ್ಕೂ ಅಂತರ ಒಂದೂವರೆ ಮೀಟರಿನ ಆಸುಪಾಸು. ಉತ್ತರಕ್ಕೆ ಹೋದಂತೆ ಅರಬ್ಬಿ ಸಮುದ್ರದ ತಳ ಅಗಲವಾಗುತ್ತಾ, ಆಳ ಕಡಿಮೆಯಾಗುತ್ತಾ ಹೋಗುತ್ತದೆ. ಹಾಗಾಗಿ ನೀರಿನ ಏರಿಳಿತ ಜಾಸ್ತಿ. ಹುಣ್ಣಿಮೆ, ಅಮಾವಾಸ್ಯೆಯ ಹೊತ್ತಿಗೆ ಮುಂಬೈಯಲ್ಲಿ ಇದು ನಾಲ್ಕು ಮೀಟರ್ ದಾಟುತ್ತದೆ. ಮಧ್ಯಾಹ್ನ ಅಲೆ ಬಡಿಯುತ್ತಿದ್ದ ಜಾಗದಲ್ಲಿ ಸಂಜೆ ಜನ ಓಡಾಡುತ್ತಾರೆ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಪ್ರತಿ ದಿನ ಸುಮಾರು 50 ನಿಮಿಷ ತಡ. ಹುಣ್ಣಿಮೆ ದಿನ ಮುಂಬೈಯಲ್ಲಿ ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ನೀರು ತುಂಬಿರುತ್ತದೆ, ಬೆಳಿಗ್ಗೆ ಸಂಜೆ ಆರರ ಹೊತ್ತಿಗೆ ಇಳಿದಿರುತ್ತದೆ ಅಂತ ನೆನಪಿಟ್ಟುಕೊಂಡರೆ ಉಳಿದ ದಿನಗಳದ್ದನ್ನು ಬೆರಳಲ್ಲೇ ಎಣಿಸಬಹುದು. ನಿಖರವಾದ ಹೊತ್ತು ಈಗ ಮೊಬೈಲಿನಲ್ಲೇ ಸಿಗುತ್ತದೆ.

ಮಗನಿಗೆ ಸ್ಕೂಲಿನಿಂದ ರಜೆ ಕೇಳಿ, ಹುಣ್ಣಿಮೆ ಶನಿವಾರ ಬರುವ ವಾರಕ್ಕೆ ಟಿಕೆಟ್ ಮಾಡಿದೆ. ನಮ್ಮವರಿಗೆ ಆಫೀಸಿನಲ್ಲಿ ರಜೆ ಸಿಗಲಿಲ್ಲ. ನಾವಿಬ್ಬರೇ ಹೊರಟೆವು.

ಶುಕ್ರವಾರ: ಬೊರಿವಲಿಯ ಕಾಡು

ಲೋಕಲ್ ಟ್ರೈನ್ ಅಂದರೆ ಹೊಸಬರಿಗೆಲ್ಲ ಭಯ. ಆದರೆ ಬೆಳಿಗ್ಗೆ ಜನರೆಲ್ಲ ಹೋಗುವುದು ದಕ್ಷಿಣಕ್ಕೆ, ಚರ್ಚ್‌ಗೇಟ್ ಕಡೆಗೆ. ನಾವು ಹೋಗಬೇಕಿದ್ದದ್ದು ಉತ್ತರಕ್ಕೆ. ಆರೂವರೆಗೆ ದಾದರ್‌ನಲ್ಲಿ ಬೊರಿವಲಿ ಫಾಸ್ಟ್ ಹತ್ತಿದರೆ ಕಿಟಕಿ ಪಕ್ಕವೇ ಸೀಟು. ಎದುರಿನ ಹಳಿಯಲ್ಲಿ ಬರುವ ಗಾಡಿಗಳ ಬಾಗಿಲಲ್ಲಿ ಜನ ನೇತಾಡುತ್ತಿದ್ದರು. ಮಕ್ಕಳನ್ನು ಕರೆದುಕೊಂಡು ಹೋಗುವವರು ಈ ಒಂದು ವಿಷಯ ನೋಡಿಕೊಂಡರೆ ಅರ್ಧ ಸುಸ್ತು ತಪ್ಪುತ್ತದೆ. ಬೆಳಿಗ್ಗೆ ಉತ್ತರಕ್ಕೆ ಹೋಗಿ, ಮಧ್ಯಾಹ್ನವೇ ವಾಪಸ್ ಬಂದುಬಿಡಬೇಕು.

ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ ಬೊರಿವಲಿ ಪೂರ್ವದಲ್ಲಿ, ಸ್ಟೇಷನ್ನಿನಿಂದ ನಡೆದುಕೊಂಡೇ ಹೋಗಬಹುದು. ಸುಮಾರು 104 ಚದರ ಕಿಲೋಮೀಟರ್ ಕಾಡು. ಮೂರು ಕಡೆ ಅಪಾರ್ಟ್‌ಮೆಂಟುಗಳು ಒತ್ತಿಕೊಂಡು ನಿಂತಿವೆ, ಒಳಗೆ ಚಿರತೆಗಳಿವೆ. ಮುಂಬೈಗೆ ನೀರು ಕೊಡುವ ಕೆರೆಗಳಲ್ಲಿ ವಿಹಾರ್, ತುಳಸಿ ಇವೆರಡೂ ಈ ಕಾಡಿನ ಸೆರಗಿನಲ್ಲೇ ಇರುವುದು. ಗೇಟಿನ ಹತ್ತಿರ ಆದಿವಾಸಿ ಹೆಂಗಸರು ಬಾರೆಹಣ್ಣು, ನೆಲ್ಲಿಕಾಯಿ, ಉಪ್ಪು ಖಾರ ಹಚ್ಚಿದ ಸೌತೆಕಾಯಿ ಇಟ್ಟುಕೊಂಡು ಕೂತಿದ್ದರು. ಕಾಡಿನೊಳಗೆ ವಾರ್ಲಿ ಆದಿವಾಸಿಗಳ ಪಾಡಾಗಳು, ಅಂದರೆ ಸಣ್ಣ ಹಾಡಿಗಳಿವೆ. ಅವರು ಚಿರತೆಯನ್ನೂ ಹುಲಿಯನ್ನೂ ವಾಘೋಬಾ ಎಂಬ ದೇವರಾಗಿ ಪೂಜಿಸುತ್ತಾರೆ. ನಮ್ಮ ಕರಾವಳಿಯ ಪಿಲಿಚಾಮುಂಡಿ ಮಗನಿಗೆ ಗೊತ್ತಿತ್ತು. "ಅಲ್ಲೂ ಹುಲಿ ದೇವರು, ಇಲ್ಲೂ ಹುಲಿ ದೇವರು" ಅಂತ ಅವನು ಬಹಳ ಖುಷಿಪಟ್ಟ.

ಗೇಟಿನ ಹತ್ತಿರ ಬಾಡಿಗೆ ಸೈಕಲ್ ಸಿಗುತ್ತದೆ. ಬಿದಿರು ಬಾಗಿದ ರಸ್ತೆಯಲ್ಲಿ ಒಂದು ಗಂಟೆ ಸೈಕಲ್ ಹೊಡೆದು, ಆಮೇಲೆ ಪಾರ್ಕಿನ ಬಸ್ಸಿನಲ್ಲಿ ಕನ್ಹೇರಿ ಗುಹೆಗಳ ಕಡೆ ಹತ್ತಿದೆವು. ನಮ್ಮ ಜೊತೆ ಬಂದಿದ್ದ ದೊಡ್ಡಪ್ಪನಿಗೆ ಮೊಣಕಾಲು ನೋವು, ಹಾಗಾಗಿ ಬಸ್ಸೇ ಸರಿ. ಗಟ್ಟಿ ಇರುವವರು ಸೈಕಲಿನಲ್ಲೇ ಹೋಗಬಹುದು. ಏರು ಸ್ವಲ್ಪ ಜೋರಾಗಿದೆ, ಇಳಿಯುವಾಗ ಸುಖ.

ಕನ್ಹೇರಿ ಬಗ್ಗೆ ಎಷ್ಟು ಹೇಳಿದರೂ ಸಾಲದು. ಒಂದೇ ಕರಿಕಲ್ಲಿನ ಗುಡ್ಡದಲ್ಲಿ ನೂರಕ್ಕೂ ಹೆಚ್ಚು ಬೌದ್ಧ ಗುಹೆಗಳು. ಕ್ರಿಸ್ತಪೂರ್ವ 1ನೇ ಶತಮಾನದ ಹೊತ್ತಿಗೆ ಶುರುವಾಗಿ ಸಾವಿರ ವರ್ಷದಷ್ಟು ಕಾಲ ಕೊರೆಯುತ್ತಲೇ ಇದ್ದರು. 3ನೇ ಗುಹೆ ಚೈತ್ಯ, ಅಂದರೆ ಬೌದ್ಧರ ಪ್ರಾರ್ಥನೆಯ ಮಂದಿರ. ಅದರ ಬಾಗಿಲಲ್ಲಿ ಎರಡು ಕಡೆ ನಿಂತಿರುವ ಬುದ್ಧನ ಕಾಲ ಬುಡದಲ್ಲಿ ನಿಂತು ಮೇಲೆ ನೋಡಿದರೆ ಕತ್ತು ನೋಯುತ್ತದೆ. ಎಲ್ಲರೂ ಫೋಟೋ ತೆಗೆಯುವುದು ಅಲ್ಲೇ.

ನನ್ನನ್ನು ನಿಲ್ಲಿಸಿದ್ದು ನೀರಿನ ಕೆಲಸ. ಹೆಚ್ಚಿನ ಗುಹೆಗಳ ಬಾಗಿಲ ಬದಿಯಲ್ಲೇ ಬಂಡೆಯಲ್ಲಿ ಕೊರೆದ ಒಂದು ತೊಟ್ಟಿ ಇದೆ. ಬಗ್ಗಿ ನೋಡಿದರೆ ಬಾಯಿ ಸಣ್ಣದು, ಒಳಗೆ ಅಗಲ. ಮೇಲಿನ ಬಂಡೆಯ ಮೈಯಲ್ಲಿ ಬೆರಳಗಲದ ಕಾಲುವೆ ಕಡಿದಿದ್ದಾರೆ. ಅದರಲ್ಲಿ ಬೆರಳಿಟ್ಟುಕೊಂಡು ಹತ್ತಿದರೆ ಒಂದು ಕಾಲುವೆ ಇನ್ನೊಂದಕ್ಕೆ ಸೇರಿ, ಅದು ಮೆಟ್ಟಿಲ ಪಕ್ಕದಲ್ಲಿ ಇಳಿದು, ತೊಟ್ಟಿಗೆ ಬೀಳುವುದು ಗೊತ್ತಾಗುತ್ತದೆ. ಮಳೆಗಾಲದ ನಾಲ್ಕು ತಿಂಗಳ ನೀರನ್ನು ಹಿಡಿದು ಉಳಿದ ಎಂಟು ತಿಂಗಳು ಬದುಕುವ ಏರ್ಪಾಡು. ಮಗ ಬಾಟಲಿಯಿಂದ ಒಂದಿಷ್ಟು ನೀರು ಕಾಲುವೆಗೆ ಬಿಟ್ಟ. ನೀರು ತಡೆಯಿಲ್ಲದೆ ಹರಿದು, ತಿರುವು ತೆಗೆದುಕೊಂಡು ತೊಟ್ಟಿಯೊಳಗೆ ತೊಟ್ಟಿಕ್ಕಿತು. ಅಷ್ಟು ವರ್ಷಗಳ ಹಿಂದೆ ಕಡಿದ ಇಳಿಜಾರು ಇವತ್ತಿಗೂ ಸರಿಯಾಗಿದೆ! ಅಲ್ಲಿದ್ದ ನಾಲ್ಕೈದು ಕಾಲೇಜು ಹುಡುಗರೂ ಬಂದು ತಮ್ಮ ಬಾಟಲಿಯಿಂದ ಬಿಟ್ಟು ನೋಡಿದರು.

ಕನ್ನಡದವರಿಗೆ ಇಲ್ಲಿ ಇನ್ನೊಂದು ನಂಟಿದೆ. ಮಾನ್ಯಖೇಟದ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದ ಶಾಸನಗಳು ಕನ್ಹೇರಿಯಲ್ಲಿವೆ. 9ನೇ ಶತಮಾನದಲ್ಲಿ ಕೊಂಕಣವನ್ನು ಆಳುತ್ತಿದ್ದ ಶಿಲಾಹಾರರು ಅವನ ಸಾಮಂತರು. ಇಲ್ಲಿನ ಭಿಕ್ಷುಗಳ ಬಟ್ಟೆಗೆ, ಪುಸ್ತಕಕ್ಕೆ, ಅವರು ವಾಸಿಸುವ ವಿಹಾರದ ರಿಪೇರಿಗೆ ಅಂತ ದಾನ ಕೊಟ್ಟದ್ದು ಆ ಶಾಸನಗಳಲ್ಲಿ ಬರುತ್ತದೆ. ಕಲಬುರಗಿ ಜಿಲ್ಲೆಯ ಮಳಖೇಡದ ಅರಸನ ಹೆಸರನ್ನು ಬೊರಿವಲಿಯ ಗುಡ್ಡದಲ್ಲಿ ಕೆತ್ತಿದ್ದಾರೆ ಅಂದರೆ ನನಗೆ ಮೈ ಜುಮ್ಮೆಂದಿತು. ಮುಂಬೈಗೆ ಹೋಗುವ ಕನ್ನಡಿಗರು ಒಮ್ಮೆಯಾದರೂ ಈ ಗುಡ್ಡ ಹತ್ತಬೇಕು.

ಎರಡು ಮಾತು ನೆನಪಿರಲಿ. ಪಾರ್ಕಿಗೆ ಸೋಮವಾರ ರಜೆ. ಗುಹೆಗಳ ಹತ್ತಿರ ಕೋತಿಗಳ ಕಾಟ ಜಾಸ್ತಿ, ತಿಂಡಿ ಕೈಯಲ್ಲಿ ಹಿಡಿದು ಓಡಾಡಬೇಡಿ.

ಶನಿವಾರ: ಸೆವ್ರಿಯ ಕೆಸರು, ಮಾತುಂಗಾದ ಬಾಳೆಲೆ

ಹುಣ್ಣಿಮೆ ದಿನ. ಮಧ್ಯಾಹ್ನ ಹನ್ನೆರಡೂ ಕಾಲರ ಹೊತ್ತಿಗೆ ಉಬ್ಬರ. ಸೆವ್ರಿ ಜೆಟ್ಟಿಗೆ ಒಂಬತ್ತೂವರೆಗೆ ತಲುಪಬೇಕು ಅಂತ ದೊಡ್ಡಪ್ಪ ತಾಕೀತು ಮಾಡಿದ್ದರು. ಇದರ ಹಿಂದೆ ಸರಳವಾದ ಲೆಕ್ಕ ಇದೆ. ನೀರು ಪೂರ್ತಿ ಇಳಿದಾಗ ಕೆಸರು ಬಹಳ ದೂರದವರೆಗೆ ತೆರೆದುಕೊಂಡಿರುತ್ತದೆ. ಫ್ಲೆಮಿಂಗೊಗಳು, ಅಂದರೆ ರಾಜಹಂಸಗಳು, ಆ ತುದಿಯಲ್ಲಿ ಗುಲಾಬಿ ಗೆರೆಯಾಗಿ ಮಾತ್ರ ಕಾಣುತ್ತವೆ. ನೀರು ಏರುತ್ತಾ ಬಂದಂತೆ ಅವು ದಡದ ಕಡೆ ಸರಿಯುತ್ತವೆ. ಪೂರ್ತಿ ಏರಿದರೆ ಮೇಯಲು ಕೆಸರೇ ಇಲ್ಲ, ಹಾರಿ ಹೋಗುತ್ತವೆ. ನಡುವಿನ ಆ ಒಂದೂವರೆ ಗಂಟೆಯೇ ನಮ್ಮದು.

ಸೆವ್ರಿ ಚಂದದ ಜಾಗವೇನಲ್ಲ. ಲಾರಿಗಳು, ತುಕ್ಕು ಹಿಡಿದ ಹಡಗುಗಳು, ಎಣ್ಣೆ ಟ್ಯಾಂಕುಗಳು. 2024ರಲ್ಲಿ ಶುರುವಾದ ಅಟಲ್ ಸೇತು ಇಲ್ಲಿಂದಲೇ ಸಮುದ್ರಕ್ಕೆ ಇಳಿಯುತ್ತದೆ. ಅದರ ಕಂಬಗಳ ಆಚೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು, ಗಿಡಗಳ ಮುಂದೆ ಬೂದು ಬಣ್ಣದ ಕೆಸರು. ಆ ಕೆಸರಿನ ತುಂಬ ರಾಜಹಂಸಗಳು. ಇಂಥ ಜಾಗವನ್ನೇ ಅವು ಆರಿಸಿಕೊಂಡಿವೆ, ಯಾಕೆಂದರೆ ಅವುಗಳ ಊಟ ಇರುವುದು ಇಲ್ಲಿ.

ನಾವು ಹೋದಾಗ ಒಂದು ಗುಂಪು ದೂರದಲ್ಲಿತ್ತು. ಹತ್ತು ಗಂಟೆ ಹೊತ್ತಿಗೆ ಕೆಸರಿನ ಮೇಲೆ ನೀರಿನ ತೆಳು ಪದರ ಬಂತು. ಹಕ್ಕಿಗಳು ಒಂದೊಂದೇ ಹೆಜ್ಜೆ ಇಡುತ್ತಾ ಇತ್ತ ಬಂದವು. ಬೈನಾಕ್ಯುಲರ್ ಇಲ್ಲದೆಯೇ ಕೊಕ್ಕು ಕಾಣುವಷ್ಟು ಹತ್ತಿರ. ತಲೆಯನ್ನು ತಿರುಗಿಸಿ, ಕೊಕ್ಕಿನ ಮೇಲ್ಭಾಗವನ್ನು ಕೆಳಗೆ ಮಾಡಿ ನೀರಿಗೆ ಅದ್ದುತ್ತವೆ. ನಾಲಗೆಯಿಂದ ನೀರನ್ನು ಒಳಗೆಳೆದು ಹೊರಗೆ ತಳ್ಳುವಾಗ ಕೊಕ್ಕಿನ ಅಂಚಿನ ಜಾಲರಿಯಲ್ಲಿ ಪಾಚಿ, ಸಣ್ಣ ಜೀವಿಗಳು ಉಳಿಯುತ್ತವೆ. ಆ ಪಾಚಿಯಿಂದಲೇ ಮೈಗೆ ಗುಲಾಬಿ ಬಣ್ಣ. ಮರಿಗಳು ಬೂದು ಬಣ್ಣದಲ್ಲೇ ಇರುತ್ತವೆ. ಗುಂಪಿನ ನಡುವೆ ಅಂಥ ಬೂದು ಹಕ್ಕಿಗಳನ್ನು ಹುಡುಕುವುದೇ ಮಗನ ಕೆಲಸವಾಯಿತು. ಇಲ್ಲಿ ಬರುವುದು ಎರಡು ಜಾತಿ. ಸಣ್ಣದಕ್ಕೆ ಕಡುಗೆಂಪು ಕೊಕ್ಕು. ದೊಡ್ಡದಕ್ಕೆ ತೆಳು ಗುಲಾಬಿ ಕೊಕ್ಕು, ತುದಿ ಮಾತ್ರ ಕಪ್ಪು. ದೊಡ್ಡ ಜಾತಿಯ ಒಂದು ಹಕ್ಕಿ ನಿಂತಲ್ಲೇ ಕಾಲು ತುಳಿಯುತ್ತಾ ಸುತ್ತುತ್ತಿತ್ತು. ಕೆಸರು ಕದಡಿ ಒಳಗಿನ ಜೀವಿಗಳನ್ನು ಎಬ್ಬಿಸುವುದು ಹೀಗೇ. ಅದು ಹೋದ ಮೇಲೆ ಕೆಸರಿನಲ್ಲಿ ದುಂಡನೆಯ ಗುಂಡಿ ಉಳಿದಿತ್ತು.

ಚಳಿಗಾಲ ಶುರುವಾದಾಗ ಬಂದು ಮೇ ತಿಂಗಳವರೆಗೂ ಇರುತ್ತವೆ. ಈಗ ಹೆಚ್ಚಿನವು ಠಾಣೆ ಖಾರಿ ಎಂಬ ಕಡಲ ಹಿನ್ನೀರಿನ ಕಡೆ ಸೇರುತ್ತವೆ. ಅಲ್ಲಿನ ಫ್ಲೆಮಿಂಗೊ ಧಾಮವನ್ನು 2015ರಲ್ಲಿ ಘೋಷಿಸಿದರು, 2022ರಲ್ಲಿ ಅದು ರಾಮ್ಸಾರ್ ತಾಣವೂ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಯಲ್ಲಿರುವ ಜಾಗವೂ ಆಯಿತು. ಐರೋಲಿಯಿಂದ ದೋಣಿಯಲ್ಲಿ ಕರೆದುಕೊಂಡು ಹೋಗುತ್ತಾರೆ. ದೋಣಿ ಹೊರಡುವುದೂ ಉಬ್ಬರದ ಹೊತ್ತು ನೋಡಿಯೇ. ಸುಮ್ನೆ ನಿಂತು ನೋಡುವವರಿಗೆ ಸೆವ್ರಿ ಸಾಕು, ಖರ್ಚೂ ಇಲ್ಲ. ಆದರೆ ಕೆಸರಿಗೆ ಇಳಿಯಲೇಬಾರದು. ಸೊಂಟದವರೆಗೆ ಹೂತುಹೋಗುವ ಕೆಸರು ಅದು. ಹಕ್ಕಿ ಎಬ್ಬಿಸಿ ಹಾರುವುದನ್ನು ವಿಡಿಯೊ ಮಾಡಬೇಕು ಅಂತ ಕೆಲವರು ಕಲ್ಲೆಸೆಯುತ್ತಾರೆ. ನೋಡಿ ತುಂಬಾ ನೋವಾಯಿತು. ದೊಡ್ಡಪ್ಪ ಹೋಗಿ ಮರಾಠಿಯಲ್ಲಿ ನಾಲ್ಕು ಮಾತು ಹೇಳಿದ ಮೇಲೆ ನಿಲ್ಲಿಸಿದರು.

ಹನ್ನೊಂದೂ ಕಾಲಿಗೆ ಗುಂಪು ಎದ್ದು ಹಾರಿತು. ರೆಕ್ಕೆ ಬಿಚ್ಚಿದಾಗ ಒಳಗಿನ ಕೆಂಪು, ಅಂಚಿನ ಕಪ್ಪು. ಮಗ ಏನೂ ಮಾತಾಡಲಿಲ್ಲ, ನನ್ನ ಕೈ ಹಿಡಿದ.

ಊಟಕ್ಕೆ ಮಾತುಂಗಾ. ಸ್ಟೇಷನ್ನಿನ ಪಕ್ಕ ಎ. ರಾಮ ನಾಯಕ್ ಅವರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ, 1942ರಿಂದ ನಡೆಯುತ್ತಿದೆ. ಬಾಳೆಲೆ ಮೇಲೆ ಬಿಸಿ ಅನ್ನ, ತಿಳಿಸಾರು, ಪಲ್ಯ. ಎರಡು ಗಂಟೆ ಬಿಸಿಲಲ್ಲಿ ನಿಂತು ಬಂದವರಿಗೆ ಆ ತಿಳಿಸಾರು ಎಷ್ಟು ಹಿತ ಅಂತ ಬರೆಯಲು ಬಾರದು. ಹೊರಗೆ ಬಂದರೆ ಮಾತುಂಗಾದ ಹೂವಿನ ಅಂಗಡಿಗಳು, ಫಿಲ್ಟರ್ ಕಾಫಿ ಪುಡಿಯ ವಾಸನೆ, ಮೈಸೂರು ಅಸೋಸಿಯೇಷನ್ ಕಟ್ಟಡ. ಕನ್ನಡ ಮಾತು ಅಲ್ಲಲ್ಲಿ ಕಿವಿಗೆ ಬೀಳುತ್ತದೆ.

ಊಟ ಮುಗಿಸಿ ಟ್ಯಾಕ್ಸಿಯಲ್ಲಿ ಮಹಾರಾಷ್ಟ್ರ ನೇಚರ್ ಪಾರ್ಕಿಗೆ ಹೋದೆವು. ಧಾರಾವಿಯ ಪಕ್ಕ, ಮೀಠಿ ನದಿಯ ದಡದಲ್ಲಿ 37 ಎಕರೆ. ಇದು ಮೊದಲು ನಗರದ ಕಸ ಸುರಿಯುವ ಜಾಗವಾಗಿತ್ತು. ಕಸ ಸುರಿಯುವುದನ್ನು ನಿಲ್ಲಿಸಿ, ಮಣ್ಣು ಹರಡಿ, ಗಿಡ ನೆಟ್ಟು, 1994ರಲ್ಲಿ ಜನರಿಗೆ ತೆರೆದರು. ಈಗ ಒಳಗೆ ಕಾಲಿಟ್ಟರೆ ಬಿಸಿಲೇ ನೆಲಕ್ಕೆ ಬೀಳದಷ್ಟು ಮರ. ಚಿಟ್ಟೆಗಳು ಕೈಗೆಟಕುವ ಎತ್ತರದಲ್ಲೇ ಹಾರುತ್ತವೆ. ಬೆಂಗಳೂರಿನಲ್ಲಿ ಕಸದ ಗುಡ್ಡಗಳ ಸುದ್ದಿ ಓದಿದಾಗಲೆಲ್ಲ ಈ ಪಾರ್ಕನ್ನು ನೋಡಿ ಬನ್ನಿ ಅಂತ ನಮ್ಮವರಿಗೆ ಹೇಳಬೇಕು ಅನ್ನಿಸುತ್ತದೆ. ಮಾಡಿದರೆ ಆಗುತ್ತದೆ.

ಭಾನುವಾರ: ಜುಹುವಿನ ಬಂಡೆ, ವರ್ಸೋವಾದ ಮರಳು

ಐದೂಮುಕ್ಕಾಲಿಗೆ ಮನೆ ಬಿಟ್ಟೆವು. ಏಳರ ಹೊತ್ತಿಗೆ ಇಳಿತ. ಜುಹು ಅಂದರೆ ಎಲ್ಲರಿಗೂ ನೆನಪಾಗುವುದು ಪಾವ್ ಭಾಜಿ, ಬರ್ಫ್ ಗೋಲಾ, ಒಂಟೆ ಕುದುರೆ. ಅದು ಸಂಜೆಯ ಜುಹು. ನೀರು ಪೂರ್ತಿ ಇಳಿದ ಬೆಳಗಿನಲ್ಲಿ ಕೋಳಿವಾಡಾ (ಕೋಳಿ ಎಂಬ ಮೀನುಗಾರರ ಕೇರಿ) ಕಡೆಯ ಬಂಡೆಗಳು ಹೊರಗೆ ಬರುತ್ತವೆ. ಅಲ್ಲಿ ಇನ್ನೊಂದು ಲೋಕವೇ ಇದೆ.

ಇದನ್ನು ಜನರಿಗೆ ತೋರಿಸಿಕೊಟ್ಟದ್ದು ಮರೀನ್ ಲೈಫ್ ಆಫ್ ಮುಂಬೈ ಎಂಬ ಬಳಗ. 2017ರಿಂದ ಇಳಿತದ ಹೊತ್ತಿಗೆ ಜನರನ್ನು ದಡದಲ್ಲಿ ನಡೆಸಿ ತೋರಿಸುತ್ತಾ ಬಂದಿದ್ದಾರೆ. ಮುಂಬೈ ಸಮುದ್ರದಲ್ಲಿ ಕಸ ಬಿಟ್ಟರೆ ಇನ್ನೇನಿದೆ ಅಂದುಕೊಂಡಿದ್ದ ಎಷ್ಟೋ ಜನರ ಕಣ್ಣು ತೆರೆದಿದ್ದು ಹಾಗೆ. ಮೊದಲ ಸಲ ಹೋಗುವವರು ಅಂಥ ಗೊತ್ತಿದ್ದವರ ಜೊತೆಗೇ ಹೋಗುವುದು ಒಳ್ಳೆಯದು. ನಮಗೆ ದೊಡ್ಡಪ್ಪನ ಪಕ್ಕದ ಮನೆಯ ಹುಡುಗಿ ಸಿಕ್ಕಳು. ಅವಳು ಪ್ರಾಣಿಶಾಸ್ತ್ರ ಓದುತ್ತಿದ್ದಾಳೆ, ಈ ಬಂಡೆಗಳೆಲ್ಲ ಅವಳಿಗೆ ಪರಿಚಯ.

ಬೆಳಕು ಹರಿಯುತ್ತಿತ್ತು. ಗ್ರಿಪ್ ಇರುವ ಚಪ್ಪಲಿ ಹಾಕಿಕೊಂಡು ಪಾಚಿಗಟ್ಟಿದ ಬಂಡೆ ಮೇಲೆ ನಿಧಾನ ಹೆಜ್ಜೆ. ಮೊದಲಿಗೆ ಏನೂ ಕಾಣಲಿಲ್ಲ. ಬರೀ ಕಪ್ಪು ಕಲ್ಲು, ನಡುವೆ ನೀರಿನ ಹೊಂಡಗಳು. "ಐದು ನಿಮಿಷ ಒಂದೇ ಹೊಂಡದ ಮುಂದೆ ಕೂತ್ಕೊಳ್ಳಿ, ಅಲ್ಲಾಡಬೇಡಿ" ಅಂದಳು ಹುಡುಗಿ. ಕುಕ್ಕರುಗಾಲಲ್ಲಿ ಕೂತೆವು.

ಒಂದು ತಟ್ಟೆಯಷ್ಟು ಅಗಲದ ಹೊಂಡ. ನೀರು ಗೇಣುದ್ದವೂ ಇಲ್ಲ. ಸ್ವಲ್ಪ ಹೊತ್ತಿಗೆ ಬದಿಯ ಒಂದು ಶಂಖ ನಡೆಯತೊಡಗಿತು. ಒಳಗೆ ಏಡಿ. ಅದರ ಹಿಂದೆ ಇನ್ನೊಂದು. ಕಲ್ಲಿನ ಸಂದಿಯಿಂದ ಪಾರದರ್ಶಕ ಸೀಗಡಿ ಹೊರಬಂತು. ಮೈಯೊಳಗಿನ ಕರುಳಿನ ಗೆರೆ ಕೂಡ ಕಾಣುತ್ತಿತ್ತು. ಗೋಡೆಗೆ ಅಂಟಿಕೊಂಡ ಕಂದು ಉಂಡೆ ನಿಧಾನವಾಗಿ ಬಿಚ್ಚಿಕೊಂಡು ಎಳೆ ಎಳೆಯಾಗಿ ಅರಳಿತು. ಸೀ ಅನಿಮೋನ್. ಹೂವು ಅಂತ ಕಂಡರೂ ಅದು ಬೇಟೆಯಾಡುವ ಪ್ರಾಣಿ. ಹೊಂಡದ ಆಚೆ ಇಡೀ ಬಂಡೆಯ ಮೇಲೆ ಹಸಿರು ಗುಂಡಿಗಳನ್ನು ಒತ್ತೊತ್ತಾಗಿ ಹೊಲಿದ ಚಾಪೆಯಂತೆ ಜೊಯಾಂಥಿಡ್‌ಗಳು. ಹವಳದ ನೆಂಟರು ಅವು. ನೀರು ಇಲ್ಲದ ಹೊತ್ತಿನಲ್ಲಿ ಬಾಯಿ ಮುಚ್ಚಿಕೊಂಡು ಕಾಯುತ್ತವೆ. ಅದರ ಮೇಲೆ ಕಾಲಿಡಬಾರದು. ಕಣ್ಣಿಗೆ ಪಾಚಿ ಅನ್ನಿಸಿ ಎಷ್ಟೋ ಜನ ತುಳಿದುಬಿಡುತ್ತಾರೆ.

ಮರಳಿನಲ್ಲಿ ಅರ್ಧ ಚಂದ್ರಾಕಾರದ ಒಂದು ಪಟ್ಟಿ ಬಿದ್ದಿತ್ತು. ಮಗ ಅದನ್ನು ರಬ್ಬರ್ ಅಂತ ತಿಳಿದ. ಮೂನ್ ಸ್ನೇಲ್ ಎಂಬ ಬಸವನಹುಳು ಮರಳನ್ನೂ ತನ್ನ ಲೋಳೆಯನ್ನೂ ಸೇರಿಸಿ ಕಟ್ಟಿದ ಮೊಟ್ಟೆಯ ಪಟ್ಟಿ ಅದು. ಒಳಗೆ ಸಾವಿರಾರು ಮೊಟ್ಟೆ. ಇನ್ನು ಸ್ವಲ್ಪ ಮೇಲೆ ಒದ್ದೆ ಮರಳಿನಲ್ಲಿ ಬಟಾಣಿಗಿಂತ ಸಣ್ಣ ಮರಳುಂಡೆಗಳು, ಒಂದು ಬಿಲದ ಸುತ್ತ ಸಾಲು ಸಾಲಾಗಿ. ಉಗುರಿನಷ್ಟು ದೊಡ್ಡದೂ ಅಲ್ಲದ ಏಡಿ ಬಿಲದಿಂದ ಬಂದು, ಮರಳನ್ನು ಬಾಯಿಗೆ ತುಂಬಿ, ಅದರಲ್ಲಿನ ಆಹಾರ ತೆಗೆದುಕೊಂಡು, ಉಳಿದದ್ದನ್ನು ಉಂಡೆ ಮಾಡಿ ಹಿಂದಕ್ಕೆ ಎಸೆಯುತ್ತಿತ್ತು. ಉಬ್ಬರ ಬಂದು ಎಲ್ಲ ಅಳಿಸಿಹಾಕುವವರೆಗೂ ಇದೇ ಕೆಲಸ. ಮಗ ಅಲ್ಲಿಂದ ಏಳಲು ಒಪ್ಪಲೇ ಇಲ್ಲ.

ಹುಡುಗಿ ಹೇಳಿಕೊಟ್ಟ ನಿಯಮಗಳನ್ನು ಇಲ್ಲಿ ಬರೆದಿಡುತ್ತೇನೆ, ಯಾಕೆಂದರೆ ಇವು ಬಹಳ ಮುಖ್ಯ. ಕಲ್ಲು ತಿರುಗಿಸಿದರೆ ಅದೇ ಮಗ್ಗುಲಿಗೆ ವಾಪಸ್ ಇಡಬೇಕು. ಖಾಲಿ ಶಂಖವನ್ನೂ ಮನೆಗೆ ತರಬಾರದು, ಅದು ಯಾವುದೋ ಏಡಿಯ ಮುಂದಿನ ಮನೆ. ಶಂಕುವಿನ ಆಕಾರದ ಕೋನ್ ಸ್ನೇಲ್ ಕೈಯಲ್ಲಿ ಹಿಡಿಯಲೇಬಾರದು, ಅದಕ್ಕೆ ವಿಷದ ಮುಳ್ಳಿದೆ. ಮಳೆಗಾಲದಲ್ಲಿ ದಡಕ್ಕೆ ಬರುವ ನೀಲಿ ಬಲೂನಿನ ಬ್ಲೂ ಬಾಟಲ್ ಸತ್ತಿದ್ದರೂ ಕುಟುಕುತ್ತದೆ. ಎಲ್ಲಕ್ಕಿಂತ ದೊಡ್ಡದು, ನೀರು ತಿರುಗಿದ ಕೂಡಲೇ ದಡಕ್ಕೆ ಬರಬೇಕು. ನಾವು ಎಂಟೂ ಕಾಲಿಗೆ ಹೊರಟೆವು. ಅಷ್ಟರಲ್ಲಿ ಮೊದಲು ಕೂತಿದ್ದ ಹೊಂಡ ಮುಳುಗಿತ್ತು.

ಅಲ್ಲಿಂದ ಆಟೋದಲ್ಲಿ ವರ್ಸೋವಾ. ಈ ಬೀಚಿನ ಕಥೆ ಪೇಪರಿನಲ್ಲಿ ಓದಿದ್ದೆ. 2015ರ ಅಕ್ಟೋಬರ್‌ನಲ್ಲಿ ಅಫ್ರೋಜ್ ಶಾ ಎಂಬ ವಕೀಲ ಪಕ್ಕದ ಮನೆಯ ಹಿರಿಯರೊಬ್ಬರ ಜೊತೆ ಸೇರಿ ಇಲ್ಲಿನ ಪ್ಲಾಸ್ಟಿಕ್ ಎತ್ತಲು ಶುರು ಮಾಡಿದರು. ವಾರವಾರವೂ ಜನ ಸೇರುತ್ತಾ ಹೋದರು. 2016ರಲ್ಲಿ ವಿಶ್ವಸಂಸ್ಥೆ ಅವರನ್ನು ಚಾಂಪಿಯನ್ಸ್ ಆಫ್ ದಿ ಅರ್ತ್ ಪ್ರಶಸ್ತಿಗೆ ಆರಿಸಿತು. 2018ರ ಮಾರ್ಚ್‌ನಲ್ಲಿ ಇದೇ ಮರಳಿನಿಂದ ಆಲಿವ್ ರಿಡ್ಲಿ ಕಡಲಾಮೆಯ ಮರಿಗಳು ಹೊರಟು ಸಮುದ್ರ ಸೇರಿದವು. ನಮ್ಮ ಕುಂದಾಪುರ ಕಡೆ ಆಮೆ ಮೊಟ್ಟೆ ಕಾಯುವವರನ್ನು ನೋಡಿದ ನನಗೆ ಅದರ ಬೆಲೆ ಗೊತ್ತು.

ನಾವು ಹೋದಾಗಲೂ ಗ್ಲೌಸ್ ಹಾಕಿದ ಕೆಲವು ಹುಡುಗರು ಚೀಲ ಹಿಡಿದು ಬಗ್ಗಿ ಕೆಲಸ ಮಾಡುತ್ತಿದ್ದರು. ಪ್ರತಿ ಉಬ್ಬರ ಮತ್ತೆ ಕಸ ತಂದು ಹಾಕುತ್ತದೆ, ಕೆಲಸ ಮುಗಿಯುವುದೇ ಇಲ್ಲ. ನಾವೂ ಒಂದು ಚೀಲ ಕೇಳಿ ತೆಗೆದುಕೊಂಡೆವು. ಮರಳಿನಿಂದ ಒಂದು ಪ್ಲಾಸ್ಟಿಕ್ ಹಗ್ಗ ಎಳೆದರೆ ಬರುತ್ತಲೇ ಇತ್ತು, ಮಗ ಎರಡೂ ಕಾಲು ಊರಿ ಎಳೆದ. ಪಕ್ಕದ ಕೋಳಿವಾಡಾದಲ್ಲಿ ಬಿದಿರಿನ ಅಡ್ಡೆಗಳ ಮೇಲೆ ಬೊಂಬಿಲ್ ಮೀನು ಒಣಗುತ್ತಿತ್ತು. ದೊಡ್ಡಪ್ಪ ಅಲ್ಲೇ ನಿಂತು ಮೀನಿನ ಹೆಂಗಸಿನ ಜೊತೆ ಚೌಕಾಸಿ ಮಾಡಿ ಒಂದು ಪೊಟ್ಟಣ ಕಟ್ಟಿಸಿದರು.

ಈಜಬೇಕು ಅಂತ ಮಗ ಹಟ ಹಿಡಿದ. ದೊಡ್ಡಪ್ಪ ಖಡಾಖಂಡಿತವಾಗಿ ಬೇಡ ಅಂದರು. ನನಗೂ ಅದೇ ಸರಿ ಅನ್ನಿಸಿತು. ಮುಂಬೈ ಬೀಚುಗಳು ಕಾಲು ನೆನೆಸುವುದಕ್ಕೆ ಚೆನ್ನ, ಈಜುವುದಕ್ಕಲ್ಲ. ಮಲಾಡ್ ಕಡೆಯ ಅಕ್ಸಾ ಬೀಚಿನಲ್ಲಿ ನೀರಿನ ಸೆಳೆತಕ್ಕೆ, ಕಾಲಡಿ ಕುಸಿಯುವ ಮರಳಿಗೆ ಸಿಕ್ಕಿ ಎಷ್ಟೋ ಮಕ್ಕಳು ಹೋಗಿದ್ದಾರೆ. ಕೆಂಪು ಬಾವುಟ ಇದ್ದರೆ ನೀರಿನ ಹತ್ತಿರವೂ ಹೋಗಬೇಡಿ.

ಮಧ್ಯಾಹ್ನ ನಿದ್ದೆ. ಸಂಜೆ ಶಿವಾಜಿ ಪಾರ್ಕ್. ಒಂದೇ ಬಯಲಿನಲ್ಲಿ ಹತ್ತಾರು ಕ್ರಿಕೆಟ್ ಆಟ. ಒಂದು ಆಟದ ಫೀಲ್ಡರ್ ಇನ್ನೊಂದು ಆಟದ ಅಂಪೈರ್ ಪಕ್ಕ ನಿಂತಿರುತ್ತಾನೆ. ರಮಾಕಾಂತ್ ಅಚ್ರೇಕರ್ ಇಲ್ಲೇ ಸಚಿನ್‌ಗೆ ಕಲಿಸಿದ್ದು, ಸ್ಟಂಪಿನ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು ಔಟಾಗದೆ ಉಳಿದರೆ ನಾಣ್ಯ ನಿನ್ನದು ಅನ್ನುತ್ತಿದ್ದದ್ದು. ಸುತ್ತಲಿನ ಕಟ್ಟೆಯ ಮೇಲೆ ಅಜ್ಜಂದಿರು, ಜೋಡಿಗಳು, ಪಾನಿಪುರಿ ತಿನ್ನುವ ಮನೆಮಂದಿ. ಮಗನನ್ನು ಯಾರೋ ಹುಡುಗರು ಫೀಲ್ಡಿಂಗಿಗೆ ಸೇರಿಸಿಕೊಂಡರು. ಭಾಷೆ ಬರದಿದ್ದರೂ ತೊಂದರೆ ಆಗಲಿಲ್ಲ.

ಸೋಮವಾರ: ಮಲಬಾರ್ ಹಿಲ್, ಚೌಪಾಟಿ

ಸೋಮವಾರ ಕಾಡಿಗೆ ರಜೆ, ಎಲಿಫೆಂಟಾ ದ್ವೀಪದ ಗುಹೆಗಳಿಗೂ ರಜೆ. ಸಮುದ್ರಕ್ಕೆ ರಜೆ ಇಲ್ಲ. ರೈಲು ರಾತ್ರಿ ಇದ್ದದ್ದರಿಂದ ಸಂಜೆವರೆಗೆ ದಕ್ಷಿಣ ಮುಂಬೈ.

ಹ್ಯಾಂಗಿಂಗ್ ಗಾರ್ಡನ್ ಅಂದರೆ ತೂಗಾಡುವ ತೋಟ ಎಲ್ಲಿ ಅಂತ ಮಗ ಹುಡುಕಿದ. ಅದು ನೀರಿನ ದೊಡ್ಡ ಟ್ಯಾಂಕಿನ ಮೇಲೆ 1881ರಲ್ಲಿ ಮಾಡಿದ ತೋಟ. ಆನೆ, ಜಿರಾಫೆಯ ಆಕಾರಕ್ಕೆ ಕತ್ತರಿಸಿದ ಗಿಡಗಳಿವೆ. ನನಗೆ ಅಷ್ಟೇನೂ ಹಿಡಿಸಲಿಲ್ಲ. ಎದುರಿನ ಕಮಲಾ ನೆಹರೂ ಪಾರ್ಕಿನ ಬೂಟಿನ ಮನೆ ಸಣ್ಣ ಮಕ್ಕಳಿಗೆ ಸರಿ. ಅಲ್ಲಿಂದ ಕೆಳಗೆ ಕಾಣುವ ಮರೀನ್ ಡ್ರೈವಿನ ಬಾಗು ಮಾತ್ರ ನೋಡಲೇಬೇಕು. ಬಿಸಿಲು ಏರುವ ಮುನ್ನ ಬಾಣಗಂಗಾ ಕೊಳದ ಮೆಟ್ಟಿಲಲ್ಲಿ ಕೂತು ದೊಡ್ಡಮ್ಮ ಕಟ್ಟಿಕೊಟ್ಟ ಚಪಾತಿ ತಿಂದೆವು.

ಸಂಜೆ ಗಿರ್‌ಗಾಂವ್ ಚೌಪಾಟಿ. ಲೋಕಮಾನ್ಯ ತಿಲಕರ ಅಂತ್ಯಸಂಸ್ಕಾರ 1920ರಲ್ಲಿ ನಡೆದದ್ದು ಈ ಮರಳಿನಲ್ಲೇ, ಅವರ ಪ್ರತಿಮೆ ಇದೆ. ಒಂದು ಭೇಲ್, ಒಂದು ಕಾಲಾ ಖಟ್ಟಾ ಗೋಲಾ. ದೊಡ್ಡಪ್ಪ ಮರಳಿನಲ್ಲಿ ಕಾಲು ಚಾಚಿ ಕೂತು ತಮ್ಮ ಹಳೆಯ ದಿನಗಳನ್ನು ಹೇಳಿದರು. ಫೋರ್ಟ್ ಬಡಾವಣೆಯ ಹೋಟೆಲಿನಲ್ಲಿ ಕೆಲಸ ಮುಗಿಸಿ ರಾತ್ರಿ ಶಾಲೆಗೆ ಹೋಗುತ್ತಿದ್ದರಂತೆ. ಮಲಗುವುದು ಹೋಟೆಲಿನ ಬೆಂಚಿನ ಮೇಲೆ, ಸಾಮಾನಿಗೆ ಒಂದು ಟ್ರಂಕು. ವಾರಕ್ಕೆ ಒಂದು ರಜೆ. ಆ ದಿನ ಊರಿನ ಹುಡುಗರೆಲ್ಲ ಇಲ್ಲಿಗೆ ಬಂದು ಕೂರುತ್ತಿದ್ದರು.

"ಕೈಯಲ್ಲಿ ದುಡ್ಡಿಲ್ಲ, ಹೋಗಲು ಮನೆ ಇಲ್ಲ. ಇಲ್ಲಿ ಬಂದರೆ ಯಾರೂ ಎಬ್ಬಿಸುತ್ತಿರಲಿಲ್ಲ. ನಮ್ಮ ಊರಿನದೇ ಸಮುದ್ರ ಅಲ್ವಾ, ದಕ್ಷಿಣಕ್ಕೆ ಹೋದರೆ ಮನೆ ಅಂತ ಲೆಕ್ಕ."

ಈ ನಗರದಲ್ಲಿ ಒಂದು ಕೋಣೆಗೆ ಎಷ್ಟು ಬಾಡಿಗೆ ಅಂತ ಯಾರನ್ನಾದರೂ ಕೇಳಿ ನೋಡಿ. ಚೌಪಾಟಿ, ಶಿವಾಜಿ ಪಾರ್ಕ್, ಜುಹು ಇವು ಯಾಕೆ ಹೀಗೆ ತುಂಬಿರುತ್ತವೆ ಅಂತ ಆಗ ತಿಳಿಯುತ್ತದೆ. ಅಂದು ಸಂಜೆಯೂ ನಮ್ಮ ಪಕ್ಕದಲ್ಲಿ ಹೋಟೆಲ್ ಹುಡುಗರ ಗುಂಪೊಂದು ಕೂತಿತ್ತು. ಅವರ ಮಾತಿನಲ್ಲಿ ಒಡಿಯಾವೋ ಬಂಗಾಳಿಯೋ ಇತ್ತು. ದೊಡ್ಡಪ್ಪ ಅವರಿಗೆ ನಮ್ಮ ಕಡಲೆಕಾಯಿ ಪೊಟ್ಟಣ ಕೊಟ್ಟು ಎಲ್ಲಿ ಕೆಲಸ, ಊಟ ಹೇಗೆ ಅಂತ ವಿಚಾರಿಸಿದರು.

ಕತ್ತಲಾಗುವ ಹೊತ್ತಿಗೆ ಮರೀನ್ ಡ್ರೈವಿನ ಕಟ್ಟೆಯುದ್ದಕ್ಕೂ ನಡೆದೆವು. ನೀರು ಇಳಿದಿತ್ತು, ದಡಕ್ಕೆ ಹಾಕಿದ ನಾಲ್ಕು ಕಾಲಿನ ಕಾಂಕ್ರೀಟ್ ಟೆಟ್ರಾಪಾಡುಗಳು ಬುಡದವರೆಗೂ ಕಾಣುತ್ತಿದ್ದವು. ಜುಲೈಯಲ್ಲಿ ಬಂದರೆ ಇದೇ ಕಟ್ಟೆ ದಾಟಿ ಅಲೆ ರಸ್ತೆಗೆ ಬೀಳುತ್ತದಂತೆ. ಆಗಿನ ದೊಡ್ಡ ಉಬ್ಬರ ಬರುವುದು ಹಗಲಿನಲ್ಲೇ, ನಾಲ್ಕೂವರೆ ಮೀಟರ್ ದಾಟುತ್ತದೆ. ಟೆಟ್ರಾಪಾಡ್ ಮೇಲೆ ಇಳಿಯದೆ, ರಸ್ತೆಯ ಆಚೆ ಬದಿಯಲ್ಲಿ ನಿಂತು ನೋಡಬೇಕು. ಬೊರಿವಲಿ ಕಾಡಿನ ತೊರೆಗಳೂ ಆಗಲೇ ತುಂಬುವುದು. ಕನ್ಹೇರಿಯ ಕಾಲುವೆಗಳಲ್ಲಿ ಮಳೆನೀರು ಹರಿಯುವುದನ್ನು ನೋಡಬೇಕು ಅಂತ ಮಗ ದಾದರ್‌ನಲ್ಲಿ ರೈಲು ಹತ್ತುವವರೆಗೂ ಹೇಳುತ್ತಲೇ ಇದ್ದ. ಜುಲೈಯಲ್ಲಿ ಅವನಿಗೆ ಪರೀಕ್ಷೆ. ಆಗಸ್ಟ್ 15ರ ಆಚೀಚೆ ಹುಣ್ಣಿಮೆಯೋ ಅಮಾವಾಸ್ಯೆಯೋ ಯಾವತ್ತು ಬರುತ್ತದೆ ಅಂತ ದೊಡ್ಡಪ್ಪ ಪಂಚಾಂಗ ನೋಡಿ ಹೇಳುತ್ತೇನೆ ಅಂದಿದ್ದಾರೆ.